ಪದ್ದತ್ತೆಯ ರಾತ್ರಿ ಮಾತ್ರೆ

ಇವತ್ತು ಬೆಳಿಗ್ಗೆ ಕಾಫಿ ಲೋಟ ಇಡಲು ಹೋದರೆ, ನಿನ್ನೆ ರಾತ್ರಿ ನುಂಗಬೇಕಿದ್ದ ಕೊಲೆಸ್ಟ್ರಾಲ್ ಮಾತ್ರೆ ಮೇಜಿನ ಮೇಲೆ ಹಾಗೇ ಕುಳಿತಿತ್ತು. ಬೆಣ್ಣೆ ದೋಸೆಯನ್ನು ಎಂದೂ ಮರೆಯದ ನನಗೆ ಅದರ ಪರಿಹಾರ ಮಾತ್ರ ಮರೆತುಹೋಗುತ್ತದೆ, ನೋಡಿ. ಇರಲಿ, ಇವತ್ತು ರಾತ್ರಿ ಎರಡನ್ನೂ ಒಟ್ಟಿಗೆ ನುಂಗಿದರಾಯಿತು ಅಂದುಕೊಂಡೆ. ಆಗ ನೆನಪಾದವಳು ಪದ್ದತ್ತೆ.

ನನ್ನ ಅಪ್ಪನ ಅಕ್ಕ. ಅರವತ್ತರ ದಶಕದಲ್ಲಿ ಅವಳ ಮನೆ ಶ್ರವಣಬೆಳಗೊಳದಲ್ಲಿತ್ತು. ಯಾತ್ರಿಕರು ದಾರಿ ಕೇಳಿದರೆ ಊಟವನ್ನೂ ಹಾಕಿ ಕಳಿಸುವಳು, ಹೊತ್ತು ಮುಳುಗುವುದರೊಳಗೆ ಬಂದರೆ ಮಾತ್ರ. ನಮ್ಮ ಜೈನರ ಮನೆಗಳಲ್ಲಿ ರಾತ್ರಿ ಊಟವಿಲ್ಲ. ಅತ್ತೆಯದು ಇನ್ನೂ ಬಿಗಿ, ಹನಿ ನೀರೂ ಇಲ್ಲ. ಸಂಜೆ ಮೋಡ ಕವಿದರೆ ಸೂರ್ಯ ಇದ್ದಾನೋ ಹೋದನೋ ಎಂದು ತಟ್ಟೆ ಹಿಡಿದು ಅಂಗಳದಲ್ಲಿ ಚಡಪಡಿಸುವಳು.

ಇಂಥವಳಿಗೆ ರಕ್ತದೊತ್ತಡ ಬಂತು. ಚನ್ನರಾಯಪಟ್ಟಣದ ಡಾಕ್ಟರು ಬೆಳಿಗ್ಗೆ ಒಂದು, ರಾತ್ರಿ ಮಲಗುವಾಗ ಒಂದು ಮಾತ್ರೆ ಬರೆದುಕೊಟ್ಟರು. ಅತ್ತೆ "ಆಗ್ಲಿ ಸಾ" ಎಂದು ತಲೆಯಾಡಿಸಿ ಬಂದಳು. ವ್ರತದ ಮಾತೆತ್ತಿದರೆ ಎಲ್ಲಿ ಬಿಡು ಅಂದುಬಿಡುತ್ತಾರೋ ಎಂಬ ಭಯ. ಮನೆಗೆ ಬಂದವಳು ತಾನೇ ಒಂದು ದಾರಿ ಕಂಡುಕೊಂಡಳು: ಬೆಳಿಗ್ಗೆಯೇ ಎರಡನ್ನೂ ನುಂಗುವುದು.

"ವಟ್ಟೆ ಒಳಕ್ಕೆ ಓದ್ಮೇಲೆ ಅವುಕ್ಕೇನ್ ಅಗಲು ರಾತ್ರಿ ಗೊತ್ತಾತದಾ? ಅವೇ ಕೆಲ್ಸ ಅಂಚ್ಕೊತವೆ ಕಣ, ಬಿಡು" ಎಂದು ಅಪ್ಪನಿಗೇ ಸಮಾಧಾನ ಹೇಳಿದ್ದಳು.

ಹಂಚಿಕೊಳ್ಳಲಿಲ್ಲ. ಒಂದು ಬೆಳಿಗ್ಗೆ ನೀರು ಸೇದುವಾಗ ಕಣ್ಣು ಕತ್ತಲಿಟ್ಟು ಬಿದ್ದಳು. ಹಗ್ಗ, ಬಿಂದಿಗೆ ಬಾವಿಯೊಳಕ್ಕೆ ಹೋದವು. ನಮ್ಮ ಪುಣ್ಯ, ಅವಳು ಈಚೆ ಬಿದ್ದಳು. ಚನ್ನರಾಯಪಟ್ಟಣದ ಬಸ್ಸಿನಲ್ಲಿ ಅಪ್ಪ ದಾರಿಯುದ್ದಕ್ಕೂ ಅವಳ ಕೈ ಬಿಡಲಿಲ್ಲ. ಪಕ್ಕದಲ್ಲಿ ಕೂತಿದ್ದ ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

ಡಾಕ್ಟರು ಎಲ್ಲವನ್ನೂ ಕೇಳಿ ಕನ್ನಡಕ ತೆಗೆದಿಟ್ಟರು. "ಅಲ್ಲಮ್ಮ, ಸಂಜೆ ಊಟದ ಜೊತೇಲೇ ತಗೊಳ್ಳಿ ಅಂತಿದ್ದೆ. ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

"ನೀವು ಕೇಳ್ನಿಲ್ವಲ್ಲ ಸಾ."

ಅಂದಿನಿಂದ ಅತ್ತೆ ಒಂದು ಕಣ್ಣು ಸೂರ್ಯನ ಮೇಲೆ, ಒಂದು ಕಣ್ಣು ಮಾತ್ರೆಯ ಮೇಲೆ ಇಟ್ಟುಕೊಂಡು ಬಹಳ ಕಾಲ ಬಾಳಿದಳು. ವ್ರತವೂ ಉಳಿಯಿತು, ಅವಳೂ ಉಳಿದಳು.

ಹಾಗಾಗಿ ನಾನು ನನ್ನ ಡಾಕ್ಟರಿಗೆ ಫೋನು ಮಾಡಿದೆ. "ಮರೆತಿದ್ದನ್ನ ಬಿಟ್ಬಿಡಿ. ಇವತ್ತು ರಾತ್ರಿ ಎಂದಿನ ಹೊತ್ತಿಗೆ ಒಂದೇ. ಎರಡು ಬೇಡ" ಎಂದರು. ಫೋನು ಇಡುವುದರಲ್ಲಿದ್ದರು. ಈ ಮಾತ್ರೆ ಶುರುವಾದ ಮೇಲೆ ನನಗೆ ತೊಡೆ ನೋಯುತ್ತಿದೆ. ವಯಸ್ಸಾಯಿತು ಎಂದು ನನಗೆ ನಾನೇ ತೀರ್ಪು ಕೊಟ್ಟುಕೊಂಡು ಸುಮ್ಮನಿದ್ದೆ.

"ಡಾಕ್ಟ್ರೇ, ಒಂದ್ನಿಮಿಷ" ಅಂದೆ. "ನೀವು ಕೇಳ್ಲಿಲ್ಲ. ಆದ್ರೂ ಹೇಳ್ತೀನಿ."