ನಮ್ಮ ಕಡಲಲ್ಲಿಲ್ಲದ ಮೀನು

ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ನಾನು ಎತ್ತುವುದಿಲ್ಲ. ಆದರೆ ನನ್ನ ಕೆಲಸವೇ ಗೊತ್ತಿಲ್ಲದವರಿಗೆ ಫೋನ್ ಮಾಡುವುದು. ಎತ್ತಿದವರು ನನ್ನನ್ನು ಕಳ್ಳ ಅಂದುಕೊಳ್ಳುತ್ತಾರೆ. ಅವರ ಜಾಗದಲ್ಲಿದ್ದರೆ ನಾನೂ ಹಾಗೇ ಅಂದುಕೊಳ್ಳುತ್ತಿದ್ದೆ.

ನಾನು ಕೆಲಸಕ್ಕಿರುವುದು ಭಟ್ಕಳದಲ್ಲಿ, ಮೀನಿನ ಕ್ರೇಟು ಮತ್ತು ಐಸ್ ಬಾಕ್ಸು ಮಾರುವ ಅಂಗಡಿಯಲ್ಲಿ. ನಮ್ಮಲ್ಲಿ ಕೊಳ್ಳುವವರೆಲ್ಲ ವ್ಯಾಪಾರದವರೇ. ಐಸ್ ಫ್ಯಾಕ್ಟರಿಯವರು, ಬೋಟಿನವರು, ಹೋಟೆಲಿಗೆ ಮೀನು ಹಾಕುವವರು. ಮೊದಲು ಯಜಮಾನರು ಬೈಕಿನಲ್ಲಿ ಬಂದರಿನಿಂದ ಬಂದರಿಗೆ ಹೋಗಿ ಮಾರುತ್ತಿದ್ದರು. ಮೊಣಕಾಲು ಹೋದ ಮೇಲೆ ಒಂದು ಫೋನ್ ತಂದು ನನ್ನ ಕೈಯಲ್ಲಿಟ್ಟರು.

"ಮ್ಯಾಪಿನಾಗೆ ಎಲ್ಲರ ನಂಬರ್ ಇರ್ತದೆ. ಕೂತಲ್ಲೇ ಮಾರು. ಬೋಟು ನೀರಿಗಿಳಿಯುದ್ರೊಳಗೆ ಕುಮಟಾ ಬದಿಗೆ ಒಂದು ಹೊಸ ಗಿರಾಕಿ ಆಗ್ಬೇಕು. ಇಲ್ದಿದ್ರೆ ನೀನೂ ಬೋಟಿಗೆ ಹೋಗು ಮಾರಾಯ, ನಂಗೆ ಬೇರೆಯವ್ರು ಸಿಗ್ತಾರೆ."

ಮಳೆಗಾಲದ ಮೀನುಗಾರಿಕೆ ಬಂದ್ ಮುಗಿಯಲು ಆಗ ಮೂರು ವಾರ ಉಳಿದಿತ್ತು. ಬೋಟು ಅಂದರೆ ನನಗೆ ಹೆದರಿಕೆ. ಮಾವಳ್ಳಿಯಲ್ಲಿ ನಮ್ಮ ಮನೆಯವರೆಲ್ಲ ಕಡಲಿಗೆ ಹೋಗುವವರು. ನನಗೆ ಮಾತ್ರ ದಡ ಮರೆಯಾದ ಕೂಡಲೇ ವಾಂತಿ. ಒಂಬತ್ತನೇ ಕ್ಲಾಸು ಬಿಟ್ಟ ಮೇಲೆ ಎರಡು ಸೀಸನ್ ಹೋಗಿ ನೋಡಿದೆ. ಬಲೆ ಎಳೆಯಬೇಕಾದವನನ್ನು ಮಲಗಿಸಿ ಬಾಯಿಗೆ ಲಿಂಬೆಹಣ್ಣು ಕೊಡುತ್ತಿದ್ದರು. ಮೂರನೇ ಸಲ ಆ ಮರ್ಯಾದೆ ಬೇಡವಾಗಿತ್ತು.

ಹೇಗೆ ಮಾತಾಡಬೇಕೆಂದು ಒಂದು ವಿಡಿಯೋ ನೋಡಿ ಕಲಿತೆ. ಕುಮಟಾದ ಐಸಿನವರೊಬ್ಬರು "ಓಟಿಪಿ ಬೇಕಾ?" ಎಂದು ಕೇಳಿ ಕಟ್ ಮಾಡಿದರು. ಹೊನ್ನಾವರದ ಒಬ್ಬರು ಪೂರ್ತಿ ಕೇಳಿಸಿಕೊಂಡರು.

"ಎಲ್ಲಾತು ನಿನ್ನ ಮನೆ?"

"ಮಾವಳ್ಳಿ."

"ಮಾವಳ್ಳಿಯವ ಆಗಿ 'ನಿಮ್ಮ ಅಮೂಲ್ಯ ಸಮಯ' ಅಂತ ಯಾರಾದ್ರೂ ಹೇಳ್ತ್ರಾ? ಇಡು ಫೋನು."

ವಾರ ಕಳೆಯುವುದರೊಳಗೆ ನನ್ನ ನಂಬರಿನಿಂದ ಫೋನ್ ಹೋದರೆ ಆ ಕಡೆಯವರ ಫೋನಿನಲ್ಲಿ ಕೆಂಪು ಅಕ್ಷರದಲ್ಲಿ 'ಮೋಸ' ಅಂತ ಬರುತ್ತಿತ್ತಂತೆ. ಯಾರೋ ಗುರುತು ಹಾಕಿದ್ದರು. ಯಾರೆಂದು ಗೊತ್ತಾಗುವುದಿಲ್ಲ. ಆಗಿನಿಂದ ನನಗೆ ಎಲ್ಲರ ಮೇಲೂ ಅನುಮಾನ. ಹೊನ್ನಾವರದವರ ಮೇಲೆ ಹೆಚ್ಚು.

ಹಾಗಾಗಿ ಫೋನ್ ಬಿಟ್ಟೆ. ಮೊದಲು ವಾಟ್ಸಾಪಿನಲ್ಲಿ ಫೋಟೋ ಕಳಿಸುವುದು, ಆಮೇಲೆ ಮಾತು ಅಂತ ಮಾಡಿಕೊಂಡೆ. ಕಂಪನಿಯವರ ಒಂದು ಚಂದದ ಫೋಟೋ ಇತ್ತು. ನೀಲಿ ಬಾಕ್ಸು, ತುಂಬ ಐಸು, ಮೇಲೆ ಮೀನು. ಅದರ ಕೆಳಗೆ ರೇಟು ಬರೆದು ಎಲ್ಲರಿಗೂ ಕಳಿಸಿದೆ, ಕುಮಟಾ ಹತ್ತಿರದ ಹೊಳನಗದ್ದೆಯ ಒಬ್ಬ ಹೆಂಗಸಿಗೂ. ಹೆದ್ದಾರಿಯ ಹೋಟೆಲುಗಳಿಗೆ ಮೀನು ಹಾಕುವವಳು, ಎರಡು ಟೆಂಪೋ ಇದೆ ಎಂದು ಕೇಳಿದ್ದೆ. ಮ್ಯಾಪಿನಲ್ಲಿ ಅವಳ ಶೆಡ್ಡಿನ ಗುರುತಿಗೆ ಯಾರೋ ಹಾಕಿದ ಫೋಟೋದಲ್ಲಿ ಮೀನೇ ಇರಲಿಲ್ಲ. ಮೀನಿನ ಬುಟ್ಟಿಯ ಮೇಲೆ ಒಂದು ಬೆಕ್ಕು ಕೂತಿತ್ತು.

ಅರ್ಧ ಗಂಟೆಯಲ್ಲಿ ಅವಳೇ ಫೋನ್ ಮಾಡಿದಳು.

"ಈ ಮೀನು ಎಲ್ಲಿದು ತಮಾ?"

"ನಾವು ಮೀನು ಮಾರುದಿಲ್ಲ ಅಕ್ಕಾ. ಬಾಕ್ಸು."

"ಬಾಕ್ಸ್ ಕಂಡೆ. ಮೀನು ಎಂತದು ಕೇಳಿದ್ದು. ನಲವತ್ತು ವರ್ಷದಿಂದ ಮೀನು ಹೊರ್ತೆ. ಮೈ ತುಂಬ ಚುಕ್ಕಿ, ಕೊಯ್ದಲ್ಲಿ ಒಳಗೆ ಕಿತ್ತಳೆ ಬಣ್ಣ. ಇದು ನಮ್ಮ ಕಡಲಿಂದಲ್ಲ. ನೀನೂ ಇಲ್ಲಿಯವ ಅಲ್ಲ."

ಫೋಟೋ ಮತ್ತೆ ತೆಗೆದು ನೋಡಿದೆ. ಅವಳು ಹೇಳಿದ್ದು ಸರಿ. ಯಾವುದೋ ಚಳಿ ದೇಶದ ಮೀನು, ಪಕ್ಕದಲ್ಲಿ ಸೊಪ್ಪು. ಅದನ್ನು ನೂರು ಜನಕ್ಕೆ ಕಳಿಸಿದ್ದೆ. ಬಾಕ್ಸು ಮಾರುವ ಗಡಿಬಿಡಿಯಲ್ಲಿ ಮೀನು ನೋಡಿರಲಿಲ್ಲ. ಈ ಕರಾವಳಿಯಲ್ಲಿ ಮೀನು ನೋಡದೆ ಬಾಕ್ಸು ನೋಡುವವನು ನಾನೊಬ್ಬನೇ ಇರಬೇಕು.

"ತಪ್ಪಾತು ಅಕ್ಕಾ. ಅದು ಕಂಪನಿಯವರ ಫೋಟೋ. ನಾನು ಮಾವಳ್ಳಿಯವ. ಎರಡು ದಿನ ಐಸು ನಿಲ್ತದೆ, ಬೇಕಾರೆ ತುಂಬ್ಸಿ ತೋರಿಸ್ತೆ."

"ಮೊದ್ಲು ನನ್ನ ನಂಬರ್ ಯಾರು ಕೊಟ್ರು ಹೇಳು."

"ಮ್ಯಾಪಿನಾಗೆ ಇತ್ತು."

"ನಾನು ಹಾಕ್ಲಿಲ್ಲ. ನೀನೇ ಹಾಕಿರ್ಬೇಕು."

ಆದರೂ ಫೋನ್ ಇಡಲಿಲ್ಲ. ವಿಡಿಯೋ ಕಾಲಿಗೆ ಬಂದಳು. ಅವಳ ಮುಖ ಕಾಣಲಿಲ್ಲ, ಶೆಡ್ಡಿನ ತಗಡು ಮಾತ್ರ ಕಾಣುತ್ತಿತ್ತು. ಅವಳ ಕಣ್ಣೆದುರೇ ಒಂದು ಸಣ್ಣ ಬಾಕ್ಸಿಗೆ ಐಸು ತುಂಬಿ ಮುಚ್ಚಳ ಹಾಕಿದೆ.

"ಮುಚ್ಚಳದ ಮೇಲೆ ಬೆಕ್ಕು ಬರಿ," ಅಂದಳು.

"ಎಂತಕ್ಕೆ?"

"ನಾಳೆ ಬೇರೆ ಬಾಕ್ಸ್ ತೋರಿಸ್ತೆ ನೀನು. ನಂಗೆ ಗೊತ್ತಾಗ್ಬೇಕಲ್ಲ."

ಮಾರ್ಕರ್ ಪೆನ್ನಿನಲ್ಲಿ ಬರೆದೆ. ಒಂದು ಬದಿಗೆ ಮೀಸೆ ಮೂರು, ಇನ್ನೊಂದು ಬದಿಗೆ ಎರಡು.

"ಇದು ಬೆಕ್ಕಾ? ಆತು, ಇರ್ಲಿ. ಇಂಥದ್ದು ಇನ್ನೊಂದು ಬರೀಲಿಕ್ಕೆ ಯಾರಿಗೂ ಆಗುದಿಲ್ಲ. ಎರಡು ದಿನ ಬಿಟ್ಟು ನಾನೇ ಫೋನ್ ಮಾಡ್ತೆ."

ಎರಡು ದಿನ ಕಳೆಯಿತು. ಫೋನ್ ಬರಲಿಲ್ಲ. ನಾನಾಗಿ ಮಾಡಲಿಲ್ಲ, ಮಾಡಿದರೆ ಗರಜು ಜಾಸ್ತಿ ಅಂದುಕೊಳ್ಳುತ್ತಾಳೆ. ನನ್ನನ್ನು ಆಡಿಸುತ್ತಿದ್ದಾಳೆ ಅನಿಸಿತು. ನನ್ನ ರೇಟು ತೋರಿಸಿ ಹಳೇ ಅಂಗಡಿಯವನ ಹತ್ತಿರ ಕಡಿಮೆಗೆ ತೆಗೆದುಕೊಂಡಿರಬೇಕು ಅಂದುಕೊಂಡೆ. ಬಂದರಿನಲ್ಲಿ ಆಗಲೇ ಬೋಟುಗಳಿಗೆ ಬಣ್ಣ ಹೊಡೆಯುತ್ತಿದ್ದರು.

ಸಂಜೆ ಅಂಗಡಿ ಮುಚ್ಚುವಾಗ ಯಜಮಾನರು ಬಾಕ್ಸಿನ ಕಡೆ ನೋಡಿದರು.

"ಒಂದು ಬುಟ್ಟಿ ಹೊಸ ಐಸ್ ಹಾಕ್ಬಿಡು. ಯಾರು ಕಾಣ್ತಾರೆ?"

ನಾನು ಮುಚ್ಚಳದ ಮೇಲೆ ಕೈ ಇಟ್ಟೆ. ತೆಗೆಯಲಿಲ್ಲ. ಇದರಲ್ಲಿ ನನ್ನ ಪ್ರಾಮಾಣಿಕತೆ ಏನೂ ಇಲ್ಲ. ನಂಬರ್ ಕೊಟ್ಟವರು ಯಾರೆಂದು ಅಷ್ಟು ಕೇಳುವ ಹೆಂಗಸು ಭಟ್ಕಳದಲ್ಲಿ ತನ್ನವರು ಯಾರನ್ನಾದರೂ ಕಾವಲು ಇಟ್ಟಿರುತ್ತಾಳೆ ಎಂದು ನನಗೆ ಅನುಮಾನ. ಎದುರಿನ ಅಂಗಡಿಯವನು ಬಹಳ ಹೊತ್ತಿನಿಂದ ಈ ಕಡೆಯೇ ನೋಡುತ್ತಿದ್ದ.

ಮೂರನೇ ದಿನ ಬೆಳಿಗ್ಗೆ ಅವಳೇ ಬಸ್ಸಿನಿಂದ ಇಳಿದು ಬಂದಳು. ಧ್ವನಿಯಿಂದ ಗುರುತು ಸಿಕ್ಕಿತು. ನಮಸ್ಕಾರ ಇಲ್ಲ, ಏನಿಲ್ಲ. ನೇರ ಬಾಕ್ಸಿನ ಹತ್ತಿರ ಹೋಗಿ ಬೆಕ್ಕಿನ ಮೀಸೆ ಎಣಿಸಿದಳು. ಮುಚ್ಚಳ ತೆಗೆದು ಮೊಣಕೈವರೆಗೆ ಕೈ ಇಳಿಸಿದಳು.

"ಅರ್ಧ ನೀರಾತಲ್ಲ."

ಯಜಮಾನರು ನನ್ನ ಮುಖ ನೋಡಿದರು. ಮುಗಿಯಿತು ಅಂದುಕೊಂಡೆ. ಬಾಯಲ್ಲಿ ಆಗಲೇ ಲಿಂಬೆಹಣ್ಣಿನ ಹುಳಿ ಬಂತು.

"ನಾನು ಎರಡು ದಿನ ಹೇಳಿದ್ದು ಅಕ್ಕಾ. ಇವತ್ತು ಮೂರನೇದು. ನೀವು ಫೋನೇ ಮಾಡ್ಲಿಲ್ಲ."

ಅವಳು ಒಂದು ಗಡ್ಡೆ ಐಸು ಮೇಲೆತ್ತಿ ತಿರುಗಿಸಿ ನೋಡಿದಳು.

"ಮೂಲೆ ಎಲ್ಲ ಸವೆದು ಒಂದಕ್ಕೊಂದು ಅಂಟಿಕೊಂಡಿದ್ದು. ಹಳೇ ಐಸೇ. ಹೊಸತು ಹಾಕಿದ್ರೆ ಚೂಪು ಇರ್ತಿತ್ತು, ಕೈಗೆ ಹೆಟ್ತಿತ್ತು. ಮೂರನೇ ದಿನಕ್ಕೂ ಬಾಕ್ಸ್ ತುಂಬಿಕೊಂಡಿದ್ರೆ ಹೀಂಗೇ ವಾಪಸ್ ಹೋಗ್ತಿದ್ದೆ."

ಯಜಮಾನರು ಕೂಡಲೇ ಚಾ ತರಿಸಿದರು.

"ನಮ್ಮ ಅಂಗಡೀಲಿ ಅಂಥದ್ದೆಲ್ಲ ಇಲ್ಲ ಅಕ್ಕಾ," ಅಂದರು. ನಾನು ಬೀದಿ ಕಡೆ ನೋಡಿದೆ.

ದೊಡ್ಡ ಬಾಕ್ಸು ಆರು ಹೇಳಿದಳು, ಬೋಟು ಇಳಿಯುವ ಮುಂಚಿನ ದಿನ ಹೊಳನಗದ್ದೆಗೆ ಮುಟ್ಟಬೇಕು. ಬೆಕ್ಕಿನ ಬಾಕ್ಸು ಮಾತ್ರ ಈಗಲೇ ಬೇಕಂತೆ. ಹೊಸತೊಂದು ಪ್ಲಾಸ್ಟಿಕ್ ಸಮೇತ ಕೊಡಲು ಹೋದರೆ ತಳ್ಳಿದಳು.

"ಪರೀಕ್ಷೆ ಮಾಡಿದ್ದು ಇದು. ಅದ್ರೊಳಗೆ ಎಂತ ಇದ್ದೋ ಯಾರಿಗೆ ಗೊತ್ತು."

ನೀರು ಚೆಲ್ಲಿ ಬಾಕ್ಸನ್ನು ನಾನೇ ಬಸ್ಸಿಗೆ ಹತ್ತಿಸಿದೆ. ಎದುರಿನ ಅಂಗಡಿಯವನ ಪರಿಚಯ ಉಂಟಾ ಎಂದು ಕೇಳಿದೆ. ಯಾವ ಅಂಗಡಿ ಅಂದಳು. ಅದು ನಿಜವೋ ಸುಳ್ಳೋ ಇವತ್ತಿಗೂ ಗೊತ್ತಿಲ್ಲ.

ವಾಪಸ್ ಬಂದಾಗ ಯಜಮಾನರು ಫೋನ್ ನನ್ನ ಕಡೆ ತಳ್ಳಿದರು. "ಆತು. ಇರು ಇಲ್ಲೇ. ಮೀನು ಕಂಡು ಫೋಟೋ ಕಳ್ಸು ಇನ್ಮೇಲೆ."

ಮಧ್ಯಾಹ್ನ ಅವಳ ನಂಬರಿನಿಂದ ಒಂದು ಫೋಟೋ ಬಂತು. ಶೆಡ್ಡು, ಬಾಕ್ಸು, ಕೆಳಗೆ 'ಮುಟ್ಟಿದೆ' ಅಂತ ಬರೆದಿತ್ತು. ನಾನು ದೊಡ್ಡದು ಮಾಡಿ ಮುಚ್ಚಳ ನೋಡಿದೆ. ಒಂದು ಬದಿಗೆ ಮೂರು, ಇನ್ನೊಂದು ಬದಿಗೆ ಎರಡು. ನನ್ನದೇ.