ಮೇಕೆಮರಿ ಮತ್ತೆ ಬಂದ ವರ್ಷ

ಪಿರಿಯಾಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ಈಗ ನನ್ನ ಹೊಲಿಗೆ ಅಂಗಡಿ ಇದೆ. ನಾನು ಚಿಕ್ಕವಳಿದ್ದಾಗ ಅಲ್ಲಿ ಕೂತು ನನ್ನ ತಂದೆ, ನಮ್ಮ ಅಬ್ಬಾ, ಗಡಿಯಾರ ರಿಪೇರಿ ಮಾಡುತ್ತಿದ್ದರು. ಒಂದು ವರ್ಷ ಅವರು ಮೈಸೂರಿನಿಂದ ಹಳೆಯ ಟಿ.ವಿ.ಯನ್ನೂ ಅದಕ್ಕೆ ಸಿಕ್ಕಿಸುವ ವಿಡಿಯೊ ಗೇಮನ್ನೂ ತಂದು ಮೂಲೆಯಲ್ಲಿಟ್ಟರು. ಸಂಜೆಯಾದರೆ ಶಾಲೆ ಬಿಟ್ಟ ಹುಡುಗರು ಬಾಡಿಗೆ ಕೊಟ್ಟು ಆಡುತ್ತಿದ್ದರು. ಆ ಹೊತ್ತಿನಲ್ಲಿ ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ. ಭಾನುವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲಿನ ಸಮಯ ಮಾತ್ರ ನನ್ನದಾಗಿತ್ತು.

ಆಟದ ಕ್ಯಾಸೆಟ್ಟುಗಳಲ್ಲಿ ನನಗೆ ಇಷ್ಟವಾದದ್ದು ಒಂದೇ. ಕೆಂಪು ಟವೆಲು ಕಟ್ಟಿಕೊಂಡ ಮೇಕೆಮರಿಯೊಂದು ಬೆಟ್ಟದಿಂದ ಬೆಟ್ಟಕ್ಕೆ, ಹಲಗೆಯಿಂದ ಹಲಗೆಗೆ ನೆಗೆಯುತ್ತ ಕಳೆದುಹೋದ ತನ್ನ ಮಂದೆಯನ್ನು ಹುಡುಕುವ ಆಟ. ಕ್ಯಾಸೆಟ್ಟಿನ ಮೇಲಿನ ಅಕ್ಷರ ಯಾವ ಭಾಷೆಯದೋ ನಮಗೆ ಗೊತ್ತಾಗುತ್ತಿರಲಿಲ್ಲ. ಊರಿನವರೆಲ್ಲ ಅದನ್ನು ಮೇಕೆಮರಿ ಆಟ ಎಂದೇ ಕರೆಯುತ್ತಿದ್ದರು.

ನಾನು ಎಂಟನೇ ತರಗತಿಯಲ್ಲಿದ್ದಾಗ, ಹುಡುಗಿಯರ ಹಾಸ್ಟೆಲಿನ ಗೋಡೆ ಗಡಿಯಾರ ಹಿಡಿದುಕೊಂಡು ಒಬ್ಬಳು ಭಾನುವಾರವೇ ಬಂದಳು. ನನ್ನ ತರಗತಿಯವಳೇ, ಆದರೆ ಅಷ್ಟು ದಿನ ಮಾತಾಡಿಸಿರಲಿಲ್ಲ. ಕಾಡಿನಂಚಿನ ಆದಿವಾಸಿಗಳ ಹಾಡಿಯಿಂದ ಬಂದು ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಅಬ್ಬಾ ಗಡಿಯಾರ ಬಿಚ್ಚುವಷ್ಟು ಹೊತ್ತೂ ಅವಳು ಹೊಸ್ತಿಲಲ್ಲೇ ನಿಂತು ಟಿ.ವಿ. ನೋಡಿದಳು. ನನ್ನ ಮೇಕೆಮರಿ ಹಳ್ಳಕ್ಕೆ ಬಿದ್ದಾಗ ಅವಳ ಬಾಯಿಂದ ಸಣ್ಣ ಸದ್ದು ಹೊರಟಿತು. ಅಬ್ಬಾ ತಲೆ ಎತ್ತದೆ, ಒಳಗೆ ಬಂದು ಕೂತ್ಕೊಳಮ್ಮ, ಇನ್ನೊಂದು ರಿಮೋಟು ಸುಮ್ಮನೆ ಬಿದ್ದಿದೆ ಎಂದರು.

ಅಂದಿನಿಂದ ಹತ್ತನೇ ತರಗತಿ ಮುಗಿಯುವವರೆಗೂ ಭಾನುವಾರಗಳು ನಮ್ಮಿಬ್ಬರವು. ಆ ಆಟದಲ್ಲಿ ಇಬ್ಬರು ಒಟ್ಟಿಗೆ ಆಡಲು ಬರುತ್ತಿರಲಿಲ್ಲ. ಒಬ್ಬರ ಮರಿ ಸತ್ತ ಮೇಲೆ ಇನ್ನೊಬ್ಬರ ಸರದಿ. ಹಾಗಾಗಿ ನಾವು ಅರ್ಧ ಸಮಯ ಆಡಿದರೆ ಅರ್ಧ ಸಮಯ ಪಕ್ಕದಲ್ಲಿ ಕೂತು ಕೂಗುತ್ತಿದ್ದೆವು. ನಾನು ಅವಸರದವಳು. ಅವಳು ಪ್ರತಿ ನೆಗೆತಕ್ಕೂ ಮೊದಲು ನಿಂತು ನೋಡುತ್ತಿದ್ದಳು. ಮಂಜಿನಲ್ಲಿ ತೂಗುವ ಸೇತುವೆಗಳ ಹಂತದವರೆಗೆ ಹೋಗುತ್ತಿದ್ದೆವು, ಮುಂದಕ್ಕೆ ದಾಟಲು ಇಬ್ಬರಿಂದಲೂ ಆಗಲಿಲ್ಲ.

ಪರೀಕ್ಷೆ ಮುಗಿಸಿ ಅವಳು ಹಾಡಿಗೆ ಹೋದಳು. ಫಲಿತಾಂಶದ ದಿನ ಸಿಗೋಣ ಅಂದಿದ್ದಳು, ಬರಲಿಲ್ಲ. ಕೋಟೆ ತಾಲ್ಲೂಕಿನ ಕಡೆಗೆ ಮದುವೆಯಾಯಿತಂತೆ ಎಂದು ಆಮೇಲೆ ಯಾರೋ ಹೇಳಿದರು. ನನಗೂ ಮದುವೆಯಾಯಿತು, ಮಗಳು ಹುಟ್ಟಿದಳು, ಕೆಲವು ವರ್ಷ ಹುಣಸೂರಿನಲ್ಲಿದ್ದು ಅಬ್ಬಾ ತೀರಿಕೊಂಡ ಮೇಲೆ ನಾವು ಪಿರಿಯಾಪಟ್ಟಣಕ್ಕೇ ಬಂದೆವು. ಟಿ.ವಿ., ಕ್ಯಾಸೆಟ್ಟು ಎಲ್ಲ ಯಾವಾಗಲೋ ಗುಜರಿಗೆ ಹೋಗಿದ್ದವು. ಅಬ್ಬಾ ಅವರ ಮೇಜಿನ ಮೇಲೆ ನಾನು ಬಟ್ಟೆ ಕತ್ತರಿಸತೊಡಗಿದೆ.

ಕಳೆದ ವರ್ಷ ಮೈಸೂರಿನಲ್ಲಿ ಓದುತ್ತಿರುವ ಮಗಳು ರಜೆಗೆ ಬಂದವಳು ಚೀಲದಿಂದ ಒಂದು ಯಂತ್ರ ತೆಗೆದಳು. ಊಟದ ತಟ್ಟೆಯಷ್ಟು ಅಗಲ, ನಡುವೆ ಪರದೆ, ಎರಡು ಬದಿಗೂ ಬಿಚ್ಚಿ ತೆಗೆಯಬಹುದಾದ ಪುಟ್ಟ ರಿಮೋಟುಗಳು. ಗೆಳತಿ ಹೊಸದು ಕೊಂಡಿದ್ದರಿಂದ ಹಳೆಯದು ಇವಳಿಗೆ ಸಿಕ್ಕಿತ್ತು. ಕಣ್ಣು ಮುಚ್ಚು ಎಂದಳು. ಮುಚ್ಚಿದೆ. ಕೇಳಿಸಿದ್ದು ಮೇಕೆಮರಿಯ ಹಾಡು. ಆಗ ಕೀಚುಕೀಚು ಎನ್ನುತ್ತಿದ್ದ ರಾಗವನ್ನು ಈಗ ಯಾರೋ ನಿಜವಾದ ಕೊಳಲು, ಡೋಲು ಇಟ್ಟುಕೊಂಡು ನುಡಿಸಿದ್ದರು. ಆದರೆ ರಾಗ ಅದೇ.

ಎಷ್ಟೋ ವರ್ಷ ನಿಂತುಹೋಗಿದ್ದ ಆ ಆಟದ ಸರಣಿಯನ್ನು, ಚಿಕ್ಕಂದಿನಲ್ಲಿ ಅದನ್ನು ಆಡಿ ಬೆಳೆದವರೇ ಸೇರಿ ಮತ್ತೆ ಶುರುಮಾಡಿದ್ದಾರೆ ಎಂದು ಮಗಳು ವಿವರಿಸಿದಳು. ಬೆಟ್ಟಗಳು ಈಗ ಕೈಯಲ್ಲಿ ಬಣ್ಣ ಬಳಿದ ಹಾಗಿದ್ದವು. ಮರಿಯ ಟವೆಲು ಗಾಳಿಗೆ ಹಾರುತ್ತಿತ್ತು. ಆದರೆ ಗುಂಡಿ ಒತ್ತಿದರೆ ಅದು ನೆಗೆಯುವ ಎತ್ತರ, ಇಳಿದಾಗ ಒಂಚೂರು ಜಾರುವ ಅಭ್ಯಾಸ, ಎಲ್ಲ ನನ್ನ ಹೆಬ್ಬೆರಳಿಗೆ ಗೊತ್ತಿದ್ದದ್ದೇ. ಒಂದು ಬದಲಾವಣೆ ಮಾತ್ರ ದೊಡ್ಡದು. ಈಗ ಎರಡು ಮರಿಗಳು ಒಟ್ಟಿಗೇ ಓಡಬಹುದಿತ್ತು. ಒಂದರ ಬೆನ್ನು ಹತ್ತಿ ಇನ್ನೊಂದು ಮೇಲಿನ ಹಲಗೆ ಹಿಡಿಯಬಹುದಿತ್ತು. ಮಗಳ ಜೊತೆ ಆಡುತ್ತಿದ್ದರೂ ನನಗೆ ನೆನಪಾಗುತ್ತಿದ್ದವಳು ಹಾಸ್ಟೆಲಿನ ಆ ಹುಡುಗಿ.

ಮಗಳು ಯಂತ್ರವನ್ನು ನನಗೇ ಬಿಟ್ಟುಹೋದಳು. ಕೈಕೆಲಸ ಮುಗಿದಾಗಲೆಲ್ಲ ಸ್ವಲ್ಪ ಆಡುತ್ತಿದ್ದೆ. ಒಂದು ದಿನ ರವಿಕೆ ಅಳತೆ ಕೊಡಲು ಬಂದ ಅಂಗನವಾಡಿ ಟೀಚರೊಬ್ಬರು ಪರದೆಯತ್ತ ಬಗ್ಗಿ ನೋಡಿ, ಇದು ಮೇಕೆಮರಿ ಅಲ್ವಾ ಎಂದು ಕೇಳಿದರು. ನೀವೂ ಆಡಿದ್ದೀರಾ ಅಂದೆ. ಇಲ್ಲವಂತೆ. ಮೈಸೂರಿನ ತರಬೇತಿಯಲ್ಲಿ ಎಲ್ಲರೂ ಚಿಕ್ಕಂದಿನ ಆಟದ ಬಗ್ಗೆ ಹೇಳಬೇಕಾಗಿ ಬಂದಾಗ, ಕೋಟೆ ಕಡೆಯ ಟೀಚರೊಬ್ಬಳು ಪಿರಿಯಾಪಟ್ಟಣದ ಗಡಿಯಾರದ ಅಂಗಡಿಯಲ್ಲಿ ಕೆಂಪು ಟವೆಲಿನ ಮೇಕೆಮರಿ ಆಟ ಆಡುತ್ತಿದ್ದೆ ಎಂದು ಹೇಳಿ ಎಲ್ಲರನ್ನೂ ನಗಿಸಿದ್ದಳಂತೆ. ಟೇಪು ನನ್ನ ಕೈಯಲ್ಲೇ ಉಳಿಯಿತು. ಅವರ ಫೋನಿನಲ್ಲಿ ಅವಳ ನಂಬರಿತ್ತು.

ಫೋನು ಮಾಡಿ, ಗಡಿಯಾರದ ಅಂಗಡಿಯಿಂದ ಮಾತಾಡುತ್ತಿದ್ದೇನೆ ಎಂದುಬಿಟ್ಟೆ. ಆ ಕಡೆ ಮಕ್ಕಳ ಗಲಾಟೆ ಕೇಳಿಸುತ್ತಿತ್ತು.

“ನೀನೇನಮ್ಮಿ?” ಎಂದಳು. “ನಾನು ಅಂಗನವಾಡಿ ಬುಟ್ಟು ಬರಕ್ಕಾಗಕಿಲ್ಲ ಕಣೆ. ನೀನೇ ಬಾ.”

ಮುಂದಿನ ಭಾನುವಾರ ಬುರ್ಖಾದ ಒಳಗಿನ ಕೈಚೀಲದಲ್ಲಿ ಯಂತ್ರವನ್ನು ದುಪಟ್ಟಾದಲ್ಲಿ ಸುತ್ತಿ ಇಟ್ಟುಕೊಂಡು ಮೊದಲ ಬಸ್ಸು ಹತ್ತಿದೆ. ಹುಣಸೂರಿನಲ್ಲಿ ಬಸ್ಸು ಬದಲಿಸಿದೆ, ಕೋಟೆಯಲ್ಲಿ ಮತ್ತೆ ಬದಲಿಸಿದೆ. ಎನ್. ಬೇಗೂರಿನ ಕಡೆ ಹೋಗುವ ಬಸ್ಸಿನಲ್ಲಿ ಪಕ್ಕದ ಹೆಂಗಸು ಯಾರ ಮನೆಗೆ ಹೊರಟಿದ್ದೀರಿ ಎಂದು ಕೇಳಿದರು. ಗೆಳತಿಯ ಮನೆಗೆ ಎಂದೆ. ಇಷ್ಟು ವರ್ಷದಲ್ಲಿ ಆ ಮಾತು ಹೇಳಿ ನಾನು ಎಲ್ಲಿಗೂ ಹೋದವಳಲ್ಲ.

ಹಾಡಿಯ ದಾರಿ ಒಡೆಯುವ ಕಡೆ ಅವಳೇ ನಿಂತಿದ್ದಳು. ತಲೆ ಅಲ್ಲಲ್ಲಿ ನೆರೆತಿತ್ತು, ಮೈ ತುಂಬಿಕೊಂಡಿತ್ತು. ನಾನು ಚೆನ್ನಾಗಿದ್ದೀರಾ ಎಂದೆ. ಅವಳು ನನ್ನ ಕೈಚೀಲ ಕಸಿದುಕೊಂಡು, ಅದೇನು ನೀವು ಗೀವು, ಬಾ ಎಂದು ಮುಂದೆ ನಡೆದಳು. ಗಂಡ ಕೂಲಿಗೆಂದು ಕೊಡಗಿನ ತೋಟಕ್ಕೆ ಹೋಗಿದ್ದರು. ಅತ್ತೆ ರಾಗಿ ಹಸನು ಮಾಡುತ್ತಿದ್ದರು. ನನ್ನನ್ನು ಕೂರಿಸಿ ಕಾಫಿ ಕೊಟ್ಟು, ಇಷ್ಟು ದೂರದಿಂದ ಬರೋ ಅಂಥದ್ದು ಏನು ತಂದಿದ್ದೀಯವ್ವ ಎಂದು ಕೇಳಿದರು. ನಾನು ದುಪಟ್ಟಾ ಬಿಚ್ಚಿದೆ.

ಜಗಲಿಯ ಮೇಲೆ ಕೂತು ರಿಮೋಟೊಂದನ್ನು ಬಿಚ್ಚಿ ಅವಳಿಗೆ ಕೊಟ್ಟೆ. ಅದು ತೀರಾ ಚಿಕ್ಕದು, ಅವಳ ಬೆರಳು ಗುಂಡಿಗಳ ಮೇಲೆ ತಡವರಿಸಿತು. ಅವಳ ಮರಿ ಮೊದಲ ಹಳ್ಳಕ್ಕೇ ಬಿತ್ತು. ಇನ್ನೊಮ್ಮೆಯೂ ಬಿತ್ತು. ಮದುವೆಯಾದ ಮೇಲೆ ಮಕ್ಕಳನ್ನು ಆಡಿಸಿದ್ದೇನೆಯೇ ಹೊರತು ನಾನು ಏನನ್ನೂ ಆಡಿಲ್ಲ ಎಂದಳು. ಆಮೇಲೆ ಹಳೆಯ ಹಾಗೆ ನಿಂತು ನೋಡಿ ನೆಗೆಯತೊಡಗಿದಳು. ನಾನು ಅದೇ ಅವಸರದಲ್ಲಿ ಮುಂದೆ ಓಡುತ್ತಿದ್ದೆ, ಅವಳು ಗದರುತ್ತಿದ್ದಳು.

ಮಂಜಿನ ಸೇತುವೆಗಳು ಹೊಸ ಆಟದಲ್ಲೂ ಇದ್ದವು. ಹಲಗೆಗಳು ಮೊದಲಿಗಿಂತ ಹೆಚ್ಚು ತೂಗುತ್ತಿದ್ದವು. ನಾಲ್ಕಾರು ಸಲ ಬಿದ್ದ ಮೇಲೆ ಅವಳು ತನ್ನ ಮರಿಯನ್ನು ಸೇತುವೆಯ ತುದಿಯಲ್ಲಿ ನಿಲ್ಲಿಸಿದಳು.

“ನನ್ನ ಬೆನ್ನ ಮೇಲೆ ಅತ್ತು. ನಾನು ಅಲ್ಲಾಡಕಿಲ್ಲ.”

“ನೀನು ಬಿದ್ದೋದ್ರೆ?”

“ಬೀಳಕಿಲ್ಲ, ಅತ್ತು ಕಣಮ್ಮಿ.”

ಹತ್ತಿ ನೆಗೆದೆ, ಮೇಲಿನ ಹಲಗೆ ಸಿಕ್ಕಿತು. ಅಲ್ಲಿಂದ ಹಗ್ಗ ಇಳಿಬಿಟ್ಟು ಅವಳನ್ನೂ ಎಳೆದುಕೊಂಡೆ. ಮಂಜು ಸರಿದು ಆ ಕಡೆಯ ಕಣಿವೆ ಕಾಣಿಸಿತು, ಹಸಿರು ಬಯಲು, ನಡುವೆ ಒಂದು ಹೊಳೆ. ಸೇತುವೆಯ ಆಚೆ ಏನಿರಬಹುದು ಎಂದು ನಾವು ಎಷ್ಟೋ ಭಾನುವಾರ ವಾದ ಮಾಡಿದ್ದೆವು. ಇಬ್ಬರೂ ಮರಿಗಳನ್ನು ಅಲ್ಲೇ ನಿಲ್ಲಿಸಿ ನೋಡಿದೆವು. ರಾಗಿ ಬಿಟ್ಟು ಬಂದು ನಮ್ಮ ಹಿಂದೆ ನಿಂತಿದ್ದ ಅತ್ತೆ, ಮುಂದಕ್ಕೆ ಹೋಗಲ್ವಾ ಎಂದು ಕೇಳಿದಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಅವತ್ತು ಫಲಿತಾಂಶ ನೋಡಲು ಬರಲಾಗದ ಕಾರಣವನ್ನೂ ಹೇಳಿದಳು. ಅಪ್ಪನಿಗೆ ಹುಷಾರಿರಲಿಲ್ಲ, ಮದುವೆ ಬೇಗ ಮಾಡಿದರು. ಅವಳು ಪಾಸಾಗಿದ್ದು ಗೊತ್ತಾದದ್ದು ಮದುವೆಯಾದ ಎಷ್ಟೋ ದಿನಕ್ಕೆ. ಆ ಅಂಕಪಟ್ಟಿಯಿಂದಲೇ ಮುಂದೆ ಅಂಗನವಾಡಿಯ ಕೆಲಸ ಸಿಕ್ಕಿತಂತೆ. ಅದನ್ನು ಹೇಳುವಾಗ ಅವಳ ದನಿಯಲ್ಲಿ ಹೆಮ್ಮೆಯಿತ್ತು.

ಊಟವಾದ ಮೇಲೆ ಅಂಗನವಾಡಿ ತೋರಿಸಲು ಕರೆದುಕೊಂಡು ಹೋದಳು. ಪಕ್ಕದ ಸಮುದಾಯ ಭವನದಲ್ಲಿ ಯಾವುದೋ ಯೋಜನೆಯಲ್ಲಿ ಬಂದ ಹೊಲಿಗೆ ಯಂತ್ರಗಳು ಪ್ಲಾಸ್ಟಿಕ್ ಹೊದ್ದು ಕೂತಿದ್ದವು. ಯಂತ್ರ ಕೊಟ್ಟವರು ಕಲಿಸಲು ಯಾರನ್ನೂ ಕಳಿಸಲಿಲ್ಲವಂತೆ. ಒಂದರ ಹೊದಿಕೆ ತೆಗೆದು ಚಕ್ರ ತಿರುಗಿಸಿದೆ. ಎಣ್ಣೆ ಕಾಣದೆ ಬಿಗಿದುಕೊಂಡಿತ್ತು, ಬೆಲ್ಟು ಸಡಿಲವಾಗಿತ್ತು, ಅಷ್ಟೆ. ಮನೆಯಿಂದ ತೆಂಗಿನೆಣ್ಣೆ ತರುತ್ತೇನೆ ಎಂದು ಅವಳು ಹೊರಟಾಗ ತಡೆದೆ. ಮಷೀನಿನ ಎಣ್ಣೆಯನ್ನೇ ಹಾಕಬೇಕು, ಮುಂದಿನ ಸಲ ತರುತ್ತೇನೆ ಎಂದೆ. ಮುಂದಿನ ಸಲ ಎಂಬ ಮಾತು ಹಾಗೆ ಬಾಯಿಗೆ ಬಂದುಬಿಟ್ಟಿತ್ತು. ಅವಳು ಅದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಬಸ್ಸು ಹತ್ತುವಷ್ಟರಲ್ಲಿ ಕಲಿಯುವ ಹೆಂಗಸರು ಯಾರು ಯಾರೆಂದು ಗೊತ್ತುಮಾಡಿ ಆಗಿತ್ತು.

ಈಗ ತಿಂಗಳಿಗೊಂದು ಭಾನುವಾರ ಹೋಗುತ್ತೇನೆ. ಮಧ್ಯಾಹ್ನದವರೆಗೆ ಹೊಲಿಗೆ. ಮೊದಮೊದಲು ಚೀಲ, ದಿಂಬಿನ ಕವರು. ಆಮೇಲೆ ಲಂಗ. ಈಗ ಒಬ್ಬಿಬ್ಬರು ರವಿಕೆಯ ತೋಳು ಕೂಡಿಸುವವರೆಗೆ ಬಂದಿದ್ದಾರೆ. ಗೆಳತಿಯ ಅತ್ತೆಗೆ ಸೂಜಿಗೆ ದಾರ ಪೋಣಿಸಲು ಕಣ್ಣು ಕಾಣುವುದಿಲ್ಲ, ಆದರೂ ಬಂದು ಕೂತು ಎಲ್ಲರ ಹೊಲಿಗೆ ಎಳೆದು ನೋಡುತ್ತಾರೆ. ಊಟವಾದ ಮೇಲೆ ಬಸ್ಸು ಬರುವವರೆಗೆ ನಾವಿಬ್ಬರೂ ಜಗಲಿಯಲ್ಲಿ ಕೂರುತ್ತೇವೆ. ಮಂದೆಯಲ್ಲಿ ಇನ್ನೂ ಸಿಗದ ಮೇಕೆಗಳು ಬೇಕಾದಷ್ಟಿವೆ. ನಾವು ಬೇಗ ಮುಗಿಸುವ ಗೋಜಿಗೆ ಹೋಗಿಲ್ಲ.

ಹೋದ ಸಲ ಅವಳು ತಾನೇ ಕತ್ತರಿಸಿ ಹೊಲಿದ ನೀಲಿ ರವಿಕೆ ತೊಟ್ಟು ಬಸ್ಸಿನ ಹತ್ತಿರ ಬಂದಿದ್ದಳು. ಎಡತೋಳು ಕೊಂಚ ಮೇಲಕ್ಕೆ ಎಳೆದಿತ್ತು. ಮುಂದಿನ ಸಲ ಹೊಲಿಗೆ ಬಿಚ್ಚಿ ಸರಿಮಾಡಿಕೊಡುತ್ತೇನೆ ಎಂದೆ. ಬೇಡ, ನಾನೇ ಹೊಲಿದದ್ದು, ಹಾಗೇ ಇರಲಿ ಎಂದಳು. ಅದನ್ನೇ ತೊಟ್ಟು ಮೈಸೂರಿನ ತರಬೇತಿಗೆ ಹೋಗುವವಳಿದ್ದಳು.