ರಬ್ಬರ್ ಪಟ್ಟಿಯ ಹುಟ್ಟೂರು

ಕೊಳಾರ ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ ಕಾರಿನ ಬಾಗಿಲಿಗೆ ಹಾಕುವ ರಬ್ಬರ್ ಪಟ್ಟಿ ತಯಾರಾಗುತ್ತದೆ. ಅದನ್ನು ಕೊಳ್ಳುವ ಇಂಗ್ಲೆಂಡಿನ ಕಾರು ಕಂಪನಿಯಿಂದ ಮೇಡಂ ಒಬ್ಬರು ಬಂದಾಗ, ಅವರ ಇಂಗ್ಲಿಷನ್ನು ನಮ್ಮ ಮಾಲೀಕರಾದ ರಹೀಮ್ ಚಾಚಾಗೆ ಕನ್ನಡದಲ್ಲಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಮೇಡಂ ಗಂಭೀರವಾಗಿಯೇ ಶುರು ಮಾಡಿದರು. ಬ್ರೆಕ್ಸಿಟ್ ಆಗಿ ಬ್ರಿಟನ್ ಯುರೋಪ್ ಒಕ್ಕೂಟದಿಂದ ಹೊರಬಂದಮೇಲೆ ಯುರೋಪಿಗೆ ಹೋಗುವ ಕಾರಿನಲ್ಲಿ ಬ್ರಿಟನ್ ಮತ್ತು ಯುರೋಪಿನ ಭಾಗಗಳೇ ಹೆಚ್ಚಿರಬೇಕಂತೆ, ಇಲ್ಲದಿದ್ದರೆ ಗಡಿಯಲ್ಲಿ ಸುಂಕ ಬೀಳುತ್ತದಂತೆ. ಹಾಗಾಗಿ ಆ ಕಾರುಗಳಿಗೆ ಇನ್ನು ನಮ್ಮ ಪಟ್ಟಿ ಬೇಡ.

ನಾನು ಇಷ್ಟು ಹೇಳುತ್ತಿದ್ದಂತೆ ಚಾಚಾ ಕೈಲಿದ್ದ ಚಹಾ ಕೆಳಗಿಟ್ಟರು. ಯಂತ್ರದ ಬಳಿಯಿದ್ದ ಹೆಣ್ಣುಮಕ್ಕಳೆಲ್ಲ ನನ್ನನ್ನೇ ನೋಡತೊಡಗಿದರು.

"ಕೇಳವ್ವ, ಅವ್ರು ತಮ್ಮ ದೇಶದಾಗ ಓಡ್ಸೋ ಕಾರಿಗೂ ಹಿಂಗ ಹುಟ್ಟೂರು ಕೇಳ್ತಾರೇನು?" ಎಂದರು ಚಾಚಾ.

ನಾನು ಕೇಳಿದೆ. ಮೇಡಂ ನಕ್ಕುಬಿಟ್ಟರು. ಅಲ್ಲೇ ಮಾರುವ ಕಾರಿಗೆ ಆ ನಿಯಮವಿಲ್ಲವಂತೆ. ಕಾರಿನ ಬೆಲೆ ಏರಿತೆಂದು ಅಲ್ಲಿಯ ಜನ ಗೊಣಗುತ್ತಿರುವುದರಿಂದ, ಆ ಕಾರುಗಳಿಗೆಲ್ಲ ಇನ್ನುಮೇಲೆ ನಮ್ಮ ಅಗ್ಗದ ಪಟ್ಟಿಯೇ ಬೇಕಂತೆ. ಇದನ್ನು ಹೇಳಲೆಂದೇ ಅವರು ಅಷ್ಟು ದೂರದಿಂದ ಬಂದಿದ್ದರು.

"ಮೊದ್ಲ ಇದನ್ನ ಹೇಳ್ಬೇಕಿತ್ತಲ್ರೀ ಮೇಡಂ! ನನ್ನ ಜೀವಾನೇ ಹೋಗಿತ್ತು!" ಎಂದು ಚಾಚಾ ಕೂಗಿದರು. ಅದನ್ನು ಯಾರೂ ಇಂಗ್ಲಿಷಿಗೆ ತರಬೇಕಾಗಲಿಲ್ಲ. ಹೆಣ್ಣುಮಕ್ಕಳು ಚಪ್ಪಾಳೆ ತಟ್ಟಿದರು, ಮೇಡಂ ಕೂಡ ಜೊತೆಗೆ ತಟ್ಟಿದರು.

ಸಂಜೆ ಚಾಚಾ ಔರಾದದ ಗೆಳೆಯರಿಗೆ ಫೋನಿನಲ್ಲಿ, "ನಮ್ಮ ಆಫೀಸಿನ ಹುಡುಗಿ ಇಂಗ್ಲೆಂಡಿನವ್ರ ಜೋಡಿ ಜಗಳಾಡಿ ಆರ್ಡರ್ ತಂದಾಳ್ರಿ!" ಎನ್ನುತ್ತಿದ್ದರು. ನನಗೆ ವಹಿಸಿದ್ದು ಅನುವಾದ ಮಾತ್ರ, ತಿದ್ದುಪಡಿಯಲ್ಲ.